ನೂಲುಗಂಡಿಯ ಹಲ್ಲು

ದೇವರು ಕೊಟ್ಟ ಹಲ್ಲುಗಳಲ್ಲಿ ದುಡಿಯುವವು ಬೇರೆ, ಮೆರೆಯುವವು ಬೇರೆ ಎಂಬುದು ನನ್ನ ಬಹುದಿನದ ಅಭಿಪ್ರಾಯ. ದವಡೆ ಹಲ್ಲುಗಳು ಅಡುಗೆಮನೆಯ ಹೆಂಗಸರ ಹಾಗೆ ಒಳಗೇ ಇದ್ದು, ಅರೆದು, ಕುಟ್ಟಿ, ರುಬ್ಬಿ ಸಂಸಾರ ನಡೆಸುತ್ತವೆ. ಮುಂದಿನ ಹಲ್ಲುಗಳು ಜಗಲಿಯ ಮೇಲೆ ಕಾಲು ಚಾಚಿ ಕೂತ ಯಜಮಾನರು. ಬಂದವರನ್ನು ಮಾತಾಡಿಸುವುದು, ನಗುವುದು, ಫೋಟೋಗೆ ನಿಲ್ಲುವುದು ಇಷ್ಟೇ ಅವರ ಕೆಲಸ. ದವಡೆಯದೊಂದು ಹೋದರೆ ಅದರ ಪಾಡಿಗೆ ಅದು ಹೋಯಿತು, ಪಕ್ಕದ ಮನೆಯವರಿಗೂ ತಿಳಿಯುವುದಿಲ್ಲ. ಮುಂದಿನದೊಂದು ಹೋಗಲಿ, ಹಾಲಿನವನಿಂದ ಹಿಡಿದು ಬೀಗರವರೆಗೆ ಎಲ್ಲರಿಗೂ ಕಾರಣ ಹೇಳಬೇಕು. ನಾನು ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದೆ. ಅಲ್ಲಿಂದಲೇ ನನ್ನ ಕಷ್ಟ ಶುರುವಾದದ್ದು.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ತಮಿಳುನಾಡಿನ ಮೆಟ್ಟುಪಾಳ್ಯದಲ್ಲಿ ಒಂದು ಚಿಕ್ಕ ಸೀರೆ ಅಂಗಡಿ ಇಟ್ಟಿರುವವನು. ನಮ್ಮದು ತಲೆಮಾರುಗಳಿಂದ ನೇಯ್ಗೆಯ ಮನೆ. ಕನ್ನಡದ ಮನೆ ಎಂದೂ ಹೇಳಬೇಕು. ಆದರೆ ನಮ್ಮ ಕನ್ನಡದ ವಿಷಯ ಸ್ವಲ್ಪ ನಾಜೂಕು. ನನ್ನ ಹೆಂಡತಿ ಮಹದೇವಿ ಕೊಳ್ಳೇಗಾಲದವಳು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಅಪ್ಪ ಅವಳನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಅವಳು ಒಳಗೆ ಬಂದು, ‘ನಿಮ್ಮಪ್ಪಾರು ತಮಿಳು ಭಾಳ ಚೆಂದಾಗಿ ಮಾತಾಡ್ತಾರೆ ಕನ್ರೀ, ನಂಗೂ ಅರ್ಧ ಅರ್ಥ ಆಯ್ತು’ ಎಂದಳು. ಪಾಪ, ಅಪ್ಪ ಮಾತಾಡಿದ್ದು ಅವರಿಗೆ ಗೊತ್ತಿದ್ದ ಅತ್ಯಂತ ಶುದ್ಧ ಕನ್ನಡ. ಓದು ಬರಹವಂತೂ ನಮ್ಮಲ್ಲಿ ಎಲ್ಲರದೂ ತಮಿಳಿನಲ್ಲೇ. ನನಗೆ ಕನ್ನಡದ ಅಕ್ಷರ ಕಲಿಸಿದವಳು ಅವಳು. ಆದ್ದರಿಂದ ಈ ಬರಹದಲ್ಲಿ ತಪ್ಪುಗಳಿದ್ದರೆ ಅವು ನನ್ನವು. ತಪ್ಪಿಲ್ಲದೆ ಇದ್ದರೆ ಅಡುಗೆ ಮುಗಿಸಿ ಬಂದು ಅವಳು ತಿದ್ದಿದ್ದಾಳೆ ಎಂದು ತಿಳಿಯಬೇಕು.

ಈಗ ಹಲ್ಲಿನ ವಿಷಯ. ಮಗ್ಗದಲ್ಲಿ ಕೂತವನಿಗೆ ದಿನವಿಡೀ ನೂಲು ಹರಿಯುತ್ತಲೇ ಇರುತ್ತದೆ. ಹರಿದದ್ದನ್ನು ಗಂಟು ಹಾಕಬೇಕು, ಗಂಟಿನ ಬಾಲವನ್ನು ಕತ್ತರಿಸಬೇಕು. ಅದಕ್ಕೆಲ್ಲ ಕತ್ತರಿ ಹುಡುಕುತ್ತಾ ಕೂತರೆ ಸೀರೆ ಮುಗಿಯುವಷ್ಟರಲ್ಲಿ ಉಡುವವಳಿಗೆ ಮೊಮ್ಮಕ್ಕಳಾಗಿರುತ್ತಾರೆ. ಆದ್ದರಿಂದ ಎಳೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಎಡಗಡೆಯ ಮುಂದಿನ ಹಲ್ಲಿಗೆ ಕೊಟ್ಟು ಕಚ್ಚಿಬಿಡುವುದು. ಹೀಗೆ ವರ್ಷಗಟ್ಟಲೆ ಕಚ್ಚಿ ಕಚ್ಚಿ ಆ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಬೀಳುತ್ತದೆ. ನಮ್ಮ ಮನೆಯಲ್ಲಿ ಅದನ್ನು ನೂಲುಗಂಡಿ ಎನ್ನುತ್ತಾರೆ. ತಾತನಿಗಿತ್ತು, ಅಪ್ಪನಿಗಿತ್ತು, ಅಣ್ಣನಿಗಿದೆ, ಅಪ್ಪನ ತಂಗಿ ಸೌಡತ್ತೆಗೆ ಈ ವಯಸ್ಸಿನಲ್ಲೂ ಉಳಿದಿರುವ ನಾಲ್ಕಾರು ಹಲ್ಲುಗಳ ನಡುವೆ ಅದೊಂದು ಗಂಡಿಸಮೇತ ಭದ್ರವಾಗಿದೆ. ಬೇರೆ ಮನೆತನದವರು ಮೂಗಿನಿಂದಲೋ ಕಿವಿಯಿಂದಲೋ ತಮ್ಮವರನ್ನು ಗುರುತಿಸಬಹುದು, ನಾವು ಬಾಯಿ ಬಿಡಿಸಿ ಗುರುತಿಸುತ್ತೇವೆ.

ನಾನು ಮಗ್ಗದಲ್ಲಿ ಕೂತದ್ದು ಕಾಲೇಜಿಗೆ ಹೋಗುವವರೆಗೆ ಮಾತ್ರ. ಹಾಗಾಗಿ ನನ್ನ ಗಂಡಿ ಚಿಕ್ಕದು. ‘ಅದು ನೂಲ್ ಕಚ್ಚಿದ್ದಲ್ಲ, ಇಲಿ ಕಚ್ಚಿದ್ದು’ ಎಂದು ಅಣ್ಣ ಈಗಲೂ ಆಡಿಕೊಳ್ಳುತ್ತಾನೆ. ಆದರೆ ಇದ್ದ ಅಷ್ಟು ಚಿಕ್ಕ ಗಂಡಿಯಿಂದ ನಾನು ಗಳಿಸಿದ ಗೌರವ ಅವನು ಗಳಿಸಿಲ್ಲ. ಅಂಗಡಿಯಲ್ಲಿ ಯಾರಾದರೂ ‘ಇದು ಅಸಲಿ ರೇಷ್ಮೆಯೇ?’ ಎಂದು ಕೇಳಿದರೆ ನಾನು ಸೆರಗಿನ ಅಂಚಿನಿಂದ ಒಂದು ಎಳೆ ಸೆಳೆದು, ಹಲ್ಲಿಗೆ ಕೊಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಕೇಳುತ್ತಾ ನಿಂತು, ‘ಅಸಲಿ’ ಎನ್ನುತ್ತಿದ್ದೆ. ಗಿರಾಕಿಗಳ ಮುಖದಲ್ಲಿ ಭಕ್ತಿ ಮೂಡುತ್ತಿತ್ತು. ಎಳೆ ಕಚ್ಚಿದರೆ ಹಲ್ಲಿಗೆ ಏನು ತಿಳಿಯುತ್ತದೆ ಎಂದು ನನಗೂ ಗೊತ್ತಿಲ್ಲ. ಅದು ಅಸಲಿ ಎಂಬುದು ಅದನ್ನು ನೇಯ್ದ ಅಣ್ಣನಿಂದ ಮೊದಲೇ ತಿಳಿದಿರುತ್ತಿತ್ತು.

ಕಳೆದ ವರ್ಷ ನಮ್ಮ ಮಗಳು ಕವಿತಾಳಿಗೆ ಮದುವೆ ಗೊತ್ತಾಯಿತು. ಹುಡುಗ ಪ್ರಭು. ಅವರದು ಕುನ್ನತ್ತೂರು. ಅವರೂ ನಮ್ಮ ಹಾಗೆ ಕನ್ನಡದ ನೇಯ್ಗೆಯವರೇ, ಆದರೆ ಒಂದು ತಲೆಮಾರಿನ ಹಿಂದೆಯೇ ಮಗ್ಗ ಬಿಟ್ಟು ತಿರುಪ್ಪೂರಿನ ಬನಿಯನ್ ವ್ಯಾಪಾರಕ್ಕೆ ಇಳಿದವರು. ಮದುವೆ ಗೊತ್ತಾದ ಮೇಲೆ ನಮ್ಮ ಮನೆಯಲ್ಲೊಂದು ಶಾಸ್ತ್ರವಿದೆ. ಮುಹೂರ್ತದ ಸೀರೆಯನ್ನು ಮನೆಯ ಮಗ್ಗದಲ್ಲೇ ನೇಯಬೇಕು. ಮುಗಿದ ದಿನ ಎರಡೂ ಕಡೆಯವರ ಮುಂದೆ ಅದನ್ನು ಮಗ್ಗದಿಂದ ಇಳಿಸುವಾಗ, ಕೊನೆಯ ಎಳೆಯನ್ನು ಹುಡುಗಿಯ ತಂದೆ ಹಲ್ಲಿನಲ್ಲೇ ಕಡಿಯಬೇಕು. ಕತ್ತರಿ ತಾಗಬಾರದು. ಹಾಸಿನ ಸಾವಿರಾರು ಎಳೆಗಳನ್ನು ಅಣ್ಣ ಬ್ಲೇಡಿನಲ್ಲಿ ಸರಸರ ಕೊಯ್ಯುತ್ತಾನೆ, ಅದಕ್ಕೆ ಯಾರ ತಕರಾರೂ ಇಲ್ಲ. ಮಡಿಯೆಲ್ಲ ಆ ಕೊನೆಯ ಒಂದು ಎಳೆಗೆ ಮಾತ್ರ. ಯಾಕೆ ಎಂದು ಕೇಳಿದರೆ ಸೌಡತ್ತೆ ಒಂದು ಉದಾಹರಣೆ ಕೊಡುತ್ತಾಳೆ. ಹಿಂದೆ ಯಾರೋ ದಾಯಾದಿಗಳು ಆ ಎಳೆಗೆ ಕತ್ತರಿ ಹಾಕಿದರಂತೆ, ಆ ಗಂಡ ಹೆಂಡತಿ ಇವತ್ತಿಗೂ ಒಂದೇ ಮನೆಯಲ್ಲಿ ಎರಡು ಒಲೆ ಹಚ್ಚುತ್ತಾರಂತೆ.

ಈ ಮದುವೆಯಲ್ಲಿ ನನಗಿದ್ದ ಕೆಲಸ ಅದೊಂದೇ. ಸೀರೆ ನೇಯುವವನು ಅಣ್ಣ. ಛತ್ರ, ಅಡುಗೆ, ಬಳಗ, ಬಂಗಾರ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಮಹದೇವಿ. ನಾನು ಎಲ್ಲಿ ಹೋಗಿ ಏನು ಹೇಳಿದರೂ ‘ನೀವು ಸುಮ್ಕೆ ಕೂತ್ಕಳಿ’ ಎನ್ನುತ್ತಿದ್ದರು. ಆದರೆ ಆ ಒಂದು ಕಚ್ಚು ಮಾತ್ರ ಯಾರೂ ನನ್ನಿಂದ ಕಿತ್ತುಕೊಳ್ಳುವಂತಿರಲಿಲ್ಲ. ಕವಿತಾ ಹುಟ್ಟಿದ ದಿನದಿಂದ ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಪ್ಪ ನನ್ನ ಅಕ್ಕನ ಸೀರೆಯ ಎಳೆ ಕಡಿದು, ಬಾಯಿಂದ ಆ ತುಣುಕು ತೆಗೆದು, ಅವಳ ತಲೆಯ ಮೇಲೆ ಇಟ್ಟದ್ದನ್ನು ನಾನು ಕಂಡಿದ್ದೆ. ಯಾವತ್ತೂ ಅಳದ ಮನುಷ್ಯ ಅಂದು ಅತ್ತಿದ್ದರು. ನನಗೂ ಹಾಗೆ ಒಂದು ಸಲ, ಎಲ್ಲರೆದುರು, ನನ್ನ ಮಗಳಿಗಾಗಿ ಅಳಬೇಕು ಎಂದಿತ್ತು.

ಆಗ ಬಂತು ಟೀ ಶರ್ಟು. ಅಳಿಯನಾಗುವವನು ಪ್ರೀತಿಯಿಂದ ತಮ್ಮ ಕಂಪನಿಯದನ್ನೇ ಕಳುಹಿಸಿದ್ದ. ಗಿಳಿಹಸಿರು ಬಣ್ಣ. ಈ ವಯಸ್ಸಿನಲ್ಲಿ ನನಗೆ ಅದು ಒಪ್ಪುತ್ತದೆಯೇ ಎಂದು ನೋಡಲು ಹೊರಟೆ. ಕುತ್ತಿಗೆಯ ಬಳಿ ಬೆಲೆಯ ಚೀಟಿ ನೇತಾಡುತ್ತಿತ್ತು, ಅದಕ್ಕೊಂದು ತೆಳ್ಳನೆಯ ಪ್ಲಾಸ್ಟಿಕ್ ದಾರ. ನಾನು ಅದನ್ನು ಬಾಯಿಗೆ ಕೊಂಡೊಯ್ದದ್ದನ್ನು ನೋಡಿ ಮಹದೇವಿ, ‘ಬುಡಿ ಅಂತೀನಿ, ಮೇಜಿನ ಮ್ಯಾಗೆ ಕತ್ತರಿ ಐತಲ್ಲ’ ಎಂದಳು. ನಾನು ನಕ್ಕೆ. ನೇಕಾರನ ಮನೆಯಲ್ಲಿ ಹುಟ್ಟಿದವನಿಗೆ ಕತ್ತರಿಯೇ ಎಂಬ ಅರ್ಥದ ಒಂದು ನಗು ಅದು. ಹಳೆಯ ಹಲ್ಲಿನಿಂದ ನಾನು ನಕ್ಕ ಕೊನೆಯ ನಗುವೂ ಅದೇ. ಎಡಗೈಯಲ್ಲಿ ಎಳೆದು ಹಿಡಿದು ಕಚ್ಚಿದೆ. ಟಕ್ ಎಂದಿತು. ‘ನೋಡಿದೆಯಾ?’ ಎಂದು ಗೆದ್ದವನ ಹಾಗೆ ತಿರುಗಿದೆ. ಚೀಟಿ ನೇತಾಡುತ್ತಲೇ ಇತ್ತು. ಅಂಗೈಯಲ್ಲಿದ್ದದ್ದು ನನ್ನ ಹಲ್ಲು, ಗಂಡಿಸಮೇತ. ಮಹದೇವಿ ಮೇಜಿನ ಕಡೆ ಹೋದಳು. ಕತ್ತರಿ ತಂದಳು, ದಾರ ಕತ್ತರಿಸಿದಳು, ಶರ್ಟನ್ನು ನನ್ನ ಹೆಗಲ ಮೇಲೆ ಹಾಕಿ, ‘ಈಗ ಹಾಕ್ಕಂಡ್ ತೋರ್ಸಿ, ಎಂಗ್ ಕಾಣ್ತದೆ ನೋಡವ’ ಎಂದಳು.

ಕೊಯಮತ್ತೂರಿನಲ್ಲಿ ಕೆಲಸಕ್ಕಿರುವ ಮಗಳಿಗೆ ವಿಷಯ ಕೂಡಲೇ ಹೋಯಿತು. ಅವಳು ಫೋನಿನಲ್ಲಿ ಮೊದಲು ನಕ್ಕಳು, ಆಮೇಲೆ ಗಾಬರಿಯಾದಳು. ‘ಅಪ್ಪಾ, ಅವ್ರ್ ಮನೇಲಿ ಹೇಳ್ಬೇಡಿ ಪ್ಲೀಸ್. ಆಸೆಯಾಗಿ ಕಳ್ಸಿದ್ದು. ತುಂಬ ಬೇಜಾರ್ ಮಾಡ್ಕೊತಾರೆ’ ಎಂದಳು. ಮಗಳು ಕೇಳಿದ ಮೇಲೆ ಮುಗಿಯಿತು. ನಿಜ ಹೇಳಬಾರದು ಎಂದಾಯಿತು, ಆದರೆ ಏನು ಹೇಳಬೇಕು ಎಂದು ಗೊತ್ತುಮಾಡಿಕೊಳ್ಳಲಿಲ್ಲ. ಅಣ್ಣ ಕೇಳಿದಾಗ ರೈಲ್ವೆ ಗೇಟಿನ ಹತ್ತಿರ ಮೊಪೆಡ್ ಜಾರಿತು ಎಂದೆ. ಅವನು ಮೊಣಕೈ ನೋಡಲು ಬಂದ, ನಾನು ಅಂಗಿಯ ತೋಳು ಮಡಚಲು ಬಿಡಲಿಲ್ಲ. ಪಕ್ಕದ ಅಡಿಕೆ ಮಂಡಿಯವರಿಗೆ ಕಬ್ಬು ಎಂದೆ. ಅತ್ತೆಗೆ ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಅವಳೇ ಎದುರು ಬಂದು ನಿಂತಳು.

‘ಏನ್ಡಾ ರಾಮು, ಬಾಯ್ಗೆ ಕೈ ಯಾಕ್ ಅಡ್ಡ ಮಡಿಕ್ಕೊಂಡಿದ್ದಿ? ತೆಗಿ.’

ತೆಗೆದೆ.

‘ಅಯ್ಯೋ ಸಾಮೀ! ನೂಲುಗಂಡಿ ಇರೋ ಅಲ್ಲೇ ಓಯ್ತಾ? ಎಂಗ್ಡಾ?’

‘ಮುರುಕ್ಕು ತಿಂದೆ ಅತ್ತೆ’ ಎಂದೆ.

‘ಮುರುಕ್ಕಾ? ಯಾರ್ ಮನೆ ಮುರುಕ್ಕು ಅದು? ನಮ್ಮನೆ ಅಲ್ಲು ಮುರುಕ್ಕುಗೆಲ್ಲ ಒಡೆಯುತ್ತಾ?’ ಎಂದು ಅವಳು ಯೋಚನೆಗೆ ಬಿದ್ದಳು. ಆಮೇಲೆ ಮೆಲ್ಲಗೆ, ‘ಕಲ್ಯಾಣ ಬಾಗ್ಲಲ್ ನಿಂತಿದೆ. ಎಳೆ ಕಡಿಯೋಕೆ ಅಲ್ಲು ಬೇಕಲ್ಲಡಾ ಕಣ್ಣು’ ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮಕ್ಕಳನ್ನು ಮುದ್ದಿಸುವ ಹಾಗೆ ಕಣ್ಣು ಎಂದದ್ದಕ್ಕೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಹಲ್ಲಿನ ಡಾಕ್ಟರಮ್ಮ ಉಳಿದ ಬೇರನ್ನು ಕಿತ್ತ ಮೇಲೆ ಒಸಡು ಮಾಯುವವರೆಗೆ ಕಿಂಡಿ ಇಟ್ಟುಕೊಂಡೇ ಅಂಗಡಿ ನಡೆಸಬೇಕಾಯಿತು. ಮಾತಾಡಿದರೆ ಗಾಳಿ ನುಗ್ಗಿ ಶಿಳ್ಳೆ ಬರುತ್ತಿತ್ತು. ಗಿರಾಕಿಗಳ ಜೊತೆ ಬಾಯಿಗೆ ಕೈ ಅಡ್ಡ ಇಟ್ಟು, ದನಿ ತಗ್ಗಿಸಿ, ಬೇಕಾದಷ್ಟೇ ಮಾತಾಡತೊಡಗಿದೆ. ವಿಚಿತ್ರವೆಂದರೆ ವ್ಯಾಪಾರ ಹೆಚ್ಚಿತು. ಅಂಗಡಿಯವನು ಕೈ ಅಡ್ಡ ಇಟ್ಟು ಪಿಸುಗುಟ್ಟಿದರೆ ಬೇರೆಯವರಿಗೆ ಹೇಳದ ಗುಟ್ಟನ್ನು ತಮಗೊಬ್ಬರಿಗೆ ಹೇಳುತ್ತಿದ್ದಾನೆ ಎಂದು ಜನರಿಗೆ ಅನಿಸುತ್ತದೆ. ಮದುಕ್ಕರೈನಿಂದ ಬಂದ ಒಬ್ಬ ಹೆಂಗಸಂತೂ ತಾನೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಚೌಕಾಸಿ ಮಾಡಿದಳು. ಇಬ್ಬರೂ ಹಾಗೆ ಕಳ್ಳಮಾಲು ಮಾರುವವರ ಹಾಗೆ ಮಾತಾಡಿ ಒಂದು ಹತ್ತಿ ಸೀರೆಯ ವ್ಯವಹಾರ ಮುಗಿಸಿದೆವು.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಬಹಳ ತಾಳ್ಮೆಯವರು. ಹೋದ ಹಲ್ಲಿನ ಜಾಗಕ್ಕೆ ಬ್ರಿಜ್ ಹಾಕಬೇಕು ಎಂದು ತಮಿಳಿನಲ್ಲಿ ವಿವರಿಸಿದರು. ಎರಡು ಪಕ್ಕದ ಹಲ್ಲುಗಳನ್ನು ಅರೆದು ಚಿಕ್ಕದು ಮಾಡಿ, ಅವುಗಳಿಗೆ ಟೋಪಿ ತೊಡಿಸಿ, ಆ ಎರಡು ಟೋಪಿಗಳ ನಡುವೆ ಸುಳ್ಳು ಹಲ್ಲನ್ನು ನಿಲ್ಲಿಸುವುದು. ಅಂದರೆ ನನ್ನ ಒಬ್ಬ ಹೋದವನಿಗಾಗಿ ಏನೂ ತಪ್ಪು ಮಾಡದ ಇಬ್ಬರು ಸವೆಯಬೇಕು. ಕೇಳಿ ನನಗೆ ಸಂಕಟವಾಯಿತು. ಆದರೆ ನಮ್ಮ ಬಳಗದಲ್ಲಿ ಇದು ಹೊಸದೇನಲ್ಲ. ನಡುವಿನವನೊಬ್ಬ ಕೈಲಾಗದವನಾದರೆ ಅಕ್ಕಪಕ್ಕದವರು ಹೆಗಲು ಕೊಟ್ಟು, ಹೊರಗಿನವರಿಗೆ ಸಾಲು ಸರಿಯಾಗಿರುವಂತೆ ಕಾಣಿಸುವುದು ಎಷ್ಟೋ ಮನೆಗಳಲ್ಲಿ ನಡೆದೇ ಇದೆ.

‘ಇದರಲ್ಲಿ ನೂಲು ಕಚ್ಚಬಹುದಾ?’ ಎಂದೆ.

‘ಎದುವುಮೇ ಕಡಿಕ್ಕಕ್ಕೂಡಾದು ಅಂಕಲ್’ ಎಂದರು ಡಾಕ್ಟರಮ್ಮ, ಏನನ್ನೂ ಕಚ್ಚಲೇಕೂಡದು ಎಂದು. ನೂಲು, ಮುರುಕ್ಕು, ಕಬ್ಬು, ಜೋಳ ಎಲ್ಲಕ್ಕೂ ನಮಸ್ಕಾರ ಹಾಕಬೇಕಂತೆ. ಮುಂದಿನ ಬ್ರಿಜ್ ಇರುವುದು ನಗುವುದಕ್ಕೆ, ಮಾತಾಡುವುದಕ್ಕೆ. ಕೆಲಸವನ್ನೆಲ್ಲ ಒಳಗಿನ ಹಲ್ಲುಗಳಿಗೆ ಬಿಟ್ಟು ಅದು ಸುಮ್ಮನೆ ಮುಂದೆ ಕೂತಿರಬೇಕು ಎಂದರು. ಒಂದೇ ದಿನ, ಒಂದೇ ಎಳೆ ಎಂದು ಗೋಗರೆದೆ. ಅವರು ಶಾಸ್ತ್ರದ ವಿಷಯವೆಲ್ಲ ಕುತೂಹಲದಿಂದ ಕೇಳಿ, ಕೊನೆಗೆ ಇನ್ನೂ ಗಟ್ಟಿಯಾಗಿ ಬೇಡ ಎಂದರು. ಅದರ ಮೇಲೆ ಇನ್ನೊಂದು ಪೇಚು. ಸೀರೆ ಇಳಿಸುವ ದಿನಕ್ಕೆ ಸರಿಯಾದ ಬ್ರಿಜ್ ಸಿದ್ಧವಾಗುವುದಿಲ್ಲ, ಅಲ್ಲಿಯವರೆಗೆ ತಾತ್ಕಾಲಿಕವಾದದ್ದೊಂದನ್ನು ಮೆತ್ತನೆಯ ಅಂಟಿನಲ್ಲಿ ಕೂರಿಸುತ್ತೇನೆ ಎಂದರು. ದಿನ ಬದಲಿಸೋಣವೆಂದರೆ ಅದನ್ನು ಇಟ್ಟುಕೊಟ್ಟವರು ಜೋಯಿಸರು. ಅವರಿಗೆ ಗ್ರಹಗಳ ಸ್ಥಾನ ಗೊತ್ತು, ನನ್ನ ಹಲ್ಲಿನ ಸ್ಥಾನ ಗೊತ್ತಿಲ್ಲ.

ಹೋಗಲಿ, ಕಚ್ಚಲಾಗದಿದ್ದರೂ ನೋಡುವುದಕ್ಕಾದರೂ ಗಂಡಿ ಇರಲಿ ಎಂದು, ಸರಿಯಾದ ಬ್ರಿಜ್ಜಿನಲ್ಲಿ ಒಂದು ಚಿಕ್ಕ ಕಚ್ಚು ಮಾಡಿಸಿಕೊಡಿ ಎಂದು ಕೇಳಿದೆ. ಡಾಕ್ಟರಮ್ಮ ಮುಖಗವಸು ಇಳಿಸಿ ನಕ್ಕರು. ಎಲ್ಲರೂ ಇಂಥದನ್ನು ಮುಚ್ಚಿಸಿಕೊಳ್ಳಲು ಬರುತ್ತಾರೆ, ಮಾಡಿಸಿಕೊಳ್ಳಲು ಬಂದವರು ನೀವೊಬ್ಬರೇ ಎಂದರು. ಆಮೇಲೆ ನನ್ನ ಮುಖ ನೋಡಿ ಏನನಿಸಿತೋ, ನನ್ನ ಬಾಯಿಯ ಅಚ್ಚು ತೆಗೆದು ಮಾಡಿದ್ದ ಸುಣ್ಣದ ಹಲ್ಲುಸಾಲನ್ನು ಕೈಗಿಟ್ಟು, ಎಲ್ಲಿ ಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಎಂದರು. ಈ ಜಾಗದ ಬಗ್ಗೆ ನನ್ನನ್ನು ಕೇಳಬೇಕೇ? ಹುಟ್ಟಿದಾಗಿನಿಂದ ಕನ್ನಡಿಯಲ್ಲಿ ನೋಡುತ್ತಾ ಬಂದಿದ್ದೇನೆ. ಸುಣ್ಣದ ಹಲ್ಲನ್ನು ಮುಖಕ್ಕೆ ಎದುರಾಗಿ ಹಿಡಿದು, ಕನ್ನಡಿಯಲ್ಲಿ ಕಾಣುತ್ತಿದ್ದ ಕಡೆಗೇ ಕಣ್ಣು ಮುಚ್ಚಿಕೊಂಡು ಗುರುತು ಹಾಕಿ ಕೊಟ್ಟೆ.

ತಾತ್ಕಾಲಿಕ ಹಲ್ಲು ಕೂತ ಮೇಲೆ ಮನೆಯಲ್ಲಿ ಗುಟ್ಟಾಗಿ ಅಭ್ಯಾಸ ಶುರು ಮಾಡಿದೆ. ಹೊಲಿಗೆ ದಾರವನ್ನು ಎಣ್ಣೆಯಲ್ಲಿ ನೆನೆಸಿ ಕಚ್ಚಿ ನೋಡಿದೆ. ಹೂಮಾಲೆಯ ನಾರು ಕಚ್ಚಿದೆ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಾಯಲ್ಲಿ ದಾರ ಇಟ್ಟುಕೊಂಡು ನಿಂತದ್ದನ್ನು ಮಹದೇವಿ ಕಂಡಳು. ‘ಡಾಕ್ಟ್ರು ಬ್ಯಾಡ ಅಂದವ್ರಲ್ಲ. ಇದೇನ್ ಹಟ?’ ಎಂದಳು. ನಾನು ಹೇಳಿದೆ, ಈ ಮದುವೆಯಲ್ಲಿ ನನ್ನ ಕೈಯಿಂದ ಆಗುವುದು ಇದೊಂದೇ, ಇದೂ ಆಗದಿದ್ದರೆ ನಾನು ಕವಿತಾಳ ಅಪ್ಪ ಎಂದು ಹೇಳಿಕೊಳ್ಳಲು ಏನಿದೆ ಎಂದು. ಅವಳು ದಾರದ ಉಂಡೆ ಎತ್ತಿಕೊಂಡು ಒಳಗೆ ಹೋದಳು. ನಾನು ಅಣ್ಣನ ಹತ್ತಿರ ಹೋಗಿ, ಕೊನೆಯ ಎಳೆಯನ್ನು ಸ್ವಲ್ಪ ತೆಳ್ಳಗೆ ಇಡು ಎಂದು ಸುತ್ತಿ ಬಳಸಿ ಹೇಳಿದೆ. ಅವನು ತಲೆಯಾಡಿಸಿದ. ಅರ್ಥವಾಯಿತು ಎಂದುಕೊಂಡೆ.

ಸೀರೆ ಇಳಿಸುವ ದಿನ ಅಣ್ಣನ ಮನೆ ತುಂಬಿತ್ತು. ಕುನ್ನತ್ತೂರಿನಿಂದ ಒಂದು ವ್ಯಾನು ಜನ ಬಂದಿದ್ದರು. ಮಗ್ಗದ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಸೌಡತ್ತೆ ಕೂತಿದ್ದಳು. ಪ್ರಭು, ಅವನ ಅಪ್ಪ ಅಮ್ಮ ಎದುರಿಗೆ, ಕವಿತಾ ಅವಳ ಅಮ್ಮನ ಪಕ್ಕದಲ್ಲಿ. ಅರಿಸಿನದ ಬಣ್ಣದ ಒಡಲು, ಕುಂಕುಮದ ಅಂಚು, ಅಣ್ಣ ಅಂಥ ಸೀರೆಯನ್ನು ಮೊದಲೆಂದೂ ನೇಯ್ದಿರಲಿಲ್ಲ. ಬ್ಲೇಡಿನ ಕೆಲಸ ಮುಗಿಯಿತು. ಉಳಿದದ್ದು ಒಂದು ಎಳೆ. ನಾನು ಕೈಮುಗಿದು, ಎಡಗೈಯಲ್ಲಿ ಹಿಡಿದು, ಬಾಯಿಗೆ ಕೊಟ್ಟು ಕಚ್ಚಿದೆ. ಎಳೆ ಹರಿಯಲಿಲ್ಲ. ಇನ್ನೊಂದು ಸಲ ಕಚ್ಚಿದೆ. ಎಲ್ಲರೂ ನಗುಮುಖದಿಂದ ನೋಡುತ್ತಿದ್ದರು. ನಾನು ಕಣ್ಣಲ್ಲೇ ಅಣ್ಣನನ್ನು ಕೇಳಿದೆ. ಅವನು ಹೆಮ್ಮೆಯಿಂದ ಬಗ್ಗಿ ಕಿವಿಯಲ್ಲಿ, ‘ನೀನ್ ಹೇಳಿದ್ಯಲ್ಲ, ಕಡೇ ಎಳೆ ನೋಡ್ಕೋ ಅಂತ. ನಾಲ್ಕೆಳೆ ಸೇರ್ಸಿ ಹುರಿ ಮಾಡಿದೀನಿ. ಆನೆ ಕಟ್ಟಿದ್ರೂ ಅರಿಯಲ್ಲ’ ಎಂದ.

ಆನೆಯ ಮಾತು ಕೇಳಿ ಸಿಟ್ಟು ಬಂದು ತಲೆಯನ್ನು ಹಿಂದಕ್ಕೆ ಜಗ್ಗಿದೆ. ಬಾಯಿ ಹಗುರವಾಯಿತು. ನೋಡಿದರೆ ನನ್ನ ಮಗಳ ಮುಹೂರ್ತದ ಸೀರೆಯ ತುದಿಯಲ್ಲಿ, ಎಳೆಗೆ ಸಿಕ್ಕಿಕೊಂಡು, ಮೂರು ಹಲ್ಲುಗಳು ಜುಮುಕಿಯ ಹಾಗೆ ತೂಗಾಡುತ್ತಿದ್ದವು.

ಮೊದಲು ಬಾಯಿ ಬಿಟ್ಟವರು ಬೀಗರು. ‘ಪರವಾಯಿಲ್ಲಿಂಗ ಸಮ್ಮಂದಿ, ಪರವಾಯಿಲ್ಲ’ ಎಂದರು ಪಾಪ. ಬೀಗಿತ್ತಿ ‘ಎಂಗಾಯ್ತುಂಗ ಇದು?’ ಎಂದರು. ಅಣ್ಣ ನನ್ನ ಪರವಾಗಿ, ‘ಮೊಪೆಡ್ಡಿಂದ ಬಿದ್ದ ದಿನಾನೇ ಓಗಿತ್ತು’ ಎಂದ. ಅತ್ತೆ ಸರ್ರನೆ ತಿರುಗಿ, ‘ಮೊಪೆಡ್ಡಾ? ಮುರುಕ್ಕು ಅಂದನಲ್ಲ!’ ಎಂದಳು. ಹಿಂದಿನಿಂದ ಯಾರೋ ‘ಕಬ್ಬಲ್ಲವಾ?’ ಎಂದರು. ಅಡಿಕೆ ಮಂಡಿಯವರನ್ನು ಕರೆದದ್ದು ನನ್ನದೇ ತಪ್ಪು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಒಟ್ಟಾಗಿ ನನ್ನ ಮುಖ ನೋಡಿದರು. ನಾನು ಬಾಯಿ ಮುಚ್ಚಿಕೊಂಡಿದ್ದೆ, ಬೇರೆ ದಾರಿಯಿರಲಿಲ್ಲ. ಕವಿತಾ ತಡೆಯಲಾರದೆ ನಕ್ಕುಬಿಟ್ಟಳು. ಪ್ರಭುವಿನ ಕಡೆ ತಿರುಗಿ, ‘ನೀವ್ ಕಳ್ಸಿದ ಟೀ ಶರ್ಟಿನ ಚೀಟಿ ದಾರ ಕಚ್ಚಿದ್ರು’ ಎಂದಳು. ಹುಡುಗ ಬೇಜಾರು ಮಾಡಿಕೊಳ್ಳುತ್ತಾನೆ ಎಂದು ತಾನೇ ನಾನು ಇಷ್ಟು ಸುಳ್ಳು ಹೇಳಿದ್ದು? ಅವನು ಬಹಳ ಗಂಭೀರವಾಗಿ, ‘ಅದು ಎಕ್ಸ್‌ಪೋರ್ಟ್ ದಾರ ಮಾವ. ಕತ್ತರಿಗೇ ಕಷ್ಟ’ ಎಂದ. ಅವನ ದನಿಯಲ್ಲಿ ಬೇಜಾರಿಗಿಂತ ಹೆಚ್ಚಾಗಿ ಕಂಪನಿಯ ಬಗ್ಗೆ ಹೆಮ್ಮೆಯಿತ್ತು.

ನಗು ನಿಂತಾಗ ಎಳೆ ಇನ್ನೂ ಹಾಗೇ ಇತ್ತು. ಎಲ್ಲರ ಕಣ್ಣು ಅತ್ತೆಯ ಮೇಲೆ. ತಂದೆ ಕಚ್ಚಿದರೂ ಕಡಿಯದ ಎಳೆಗೆ ಏನರ್ಥ ಎಂದು ಬೀಗಿತ್ತಿ ಯೋಚಿಸುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಕವಿತಾಳ ಮುಖದಲ್ಲೂ ನಗು ಹೋಗಿತ್ತು. ಅದನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಣ್ಣ ತಾನು ಕಡಿಯಲೇ ಎಂದು ಮುಂದೆ ಬಂದ. ಅತ್ತೆ ಕೈಯೆತ್ತಿ ತಡೆದಳು. ‘ನೀ ಯಾಕೆ? ಮಗ್ಳ್‌ನ ಎತ್ತೋಳು ನಿಂತಿಲ್ವಾ ಅಲ್ಲಿ?’ ಎಂದು ಮಹದೇವಿಯ ಕಡೆ ನೋಡಿದಳು. ‘ಬಾಮ್ಮಾ. ನಿಂಗಾಗುತ್ತಾ?’

ಮಹದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಮೊದಲು ಎಳೆಯಿಂದ ನನ್ನ ಹಲ್ಲುಗಳನ್ನು ನಾಜೂಕಾಗಿ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಬಲಗೈಯಲ್ಲಿ ಎಳೆ ಹಿಡಿದು, ಬಲಗಡೆಯ ಹಲ್ಲಿಗೆ ಕೊಟ್ಟು, ತಲೆ ಒಂದಿಷ್ಟು ಓರೆ ಮಾಡಿದಳು ಅಷ್ಟೇ. ಆನೆ ಕಟ್ಟಿದರೂ ಹರಿಯದ ಎಳೆ ಎರಡಾಯಿತು. ಅಣ್ಣನ ಮುಖ ನೋಡುವಂತಿತ್ತು. ಅವಳು ತುಣುಕನ್ನು ಮಗಳ ತಲೆಯ ಮೇಲಿಟ್ಟು, ಹಾಗೆಯೇ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ನಾನೂ ಅತ್ತೆ. ಆದರೆ ಬಾಯಿ ಮುಚ್ಚಿ ಅಳುವುದು ಎಷ್ಟು ಕಷ್ಟ ಎಂದು ಹಲ್ಲಿದ್ದವರಿಗೆ ತಿಳಿಯದು.

ಅತ್ತೆ ಮಹದೇವಿಯ ಗಲ್ಲ ಹಿಡಿದು, ‘ಬಾಯ್ ತೆಗಿ’ ಎಂದಳು. ನೋಡಿದಳು. ‘ಡೇಯ್ ರಾಮು, ಇಲ್ ಬಂದ್ ನೋಡು’ ಎಂದಳು. ನೋಡಿದೆ. ಬಲಗಡೆಯ ಮುಂದಿನ ಹಲ್ಲಿನಲ್ಲಿ ಒಂದು ಗಂಡಿ. ನನ್ನದರಂಥವು ಎರಡು ಅದರಲ್ಲಿ ಹಿಡಿಯುತ್ತಿದ್ದವು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಎದುರಿಗೆ ಕೂತು ಉಂಡಿದ್ದೇನೆ, ಜಗಳವಾಡಿದ್ದೇನೆ, ಅವಳು ನಕ್ಕದ್ದನ್ನೂ ನೋಡಿದ್ದೇನೆ. ಇದನ್ನು ಕಂಡಿರಲಿಲ್ಲ. ‘ಇದು ಯಾವಾಗ ಬಿತ್ತು?’ ಎಂದು ಕೇಳಿದೆ.

‘ನಿಮ್ಮ ಅಂಗ್ಡಿ ಸೀರೆಗೆಲ್ಲ ಫಾಲ್ಸ್ ಹೊಲ್ದೋರು ಯಾರು? ಕುಚ್ಚು ಕಟ್ದೋರು ಯಾರು?’ ಎಂದಳು ಅವಳು. ‘ಸೂಜಿ ಬಲಗೈಲಿ ಇರ್ತದೆ, ಅದ್ಕೇ ಬಲಗಡೆ. ನಾನು ನೂಲ್ ಕಚ್ತೀನಿ. ಪ್ಲಾಸ್ಟಿಕ್ ಕಚ್ಚಕಿಲ್ಲ.’

ಅಂಗಡಿಯಲ್ಲಿ ನಾನು ಕಣ್ಣು ಮುಚ್ಚಿ ಒಂದೊಂದು ಎಳೆ ಕಚ್ಚಿ ಮೆರೆದ ಪ್ರತಿಯೊಂದು ಸೀರೆಯೂ ಮೊದಲು ಒಳಮನೆಯಲ್ಲಿ ಅವಳ ಹಲ್ಲು ದಾಟಿ ಬಂದದ್ದು ಎಂದು ಆಗ ಹೊಳೆಯಿತು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವಳ ಮೇಲೆ ಮದುವೆಯಾದ ಹೊಸತರಲ್ಲಿ ಬರುತ್ತಿದ್ದಂಥ ಪ್ರೀತಿ ಬಂತು. ಹೇಳೋಣವೆಂದರೆ ಹಲ್ಲು ಕೈಯಲ್ಲಿತ್ತು.

ಮುಂದೆ ಸರಿಯಾದ ಬ್ರಿಜ್ ಬಂತು. ಡಾಕ್ಟರಮ್ಮ ಅದನ್ನು ಕೂರಿಸಿ ಕನ್ನಡಿ ಹಿಡಿದರು. ಬಹಳ ಚೆನ್ನಾಗಿತ್ತು, ಗಂಡಿಯೂ ಇತ್ತು. ಆದರೂ ಬೇರೆ ಯಾರೋ ನೆಂಟರು ನನ್ನನ್ನು ನೋಡಿ ನಕ್ಕ ಹಾಗೆ ಅನಿಸಿತು. ಹೊಸದಲ್ಲವೇ, ಒಗ್ಗಬೇಕು ಎಂದುಕೊಂಡೆ. ಮನೆಗೆ ಬಂದು ಮಹದೇವಿಗೆ ತೋರಿಸಿದೆ. ಅವಳು ನೋಡಿದಳು, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಏನೆಂದು ಎಷ್ಟು ಕೇಳಿದರೂ ಹೇಳಲಿಲ್ಲ.

ಹೇಳಿದವಳು ಸೌಡತ್ತೆ, ಮದುವೆಯ ದಿನ ಛತ್ರದಲ್ಲಿ, ಫೋಟೋಗೆ ನಿಂತಾಗ. ಕ್ಯಾಮೆರಾದವನು ನಗಿ ಎಂದ, ನಾನು ನಕ್ಕೆ. ಅತ್ತೆ ಪಕ್ಕದಿಂದ ಬಗ್ಗಿ ನೋಡಿ, ‘ನಿಲ್ಲು ನಿಲ್ಲು. ಈ ಗಂಡಿ ನಮ್ಮನೇದಲ್ಲ. ನಮ್ದು ಎಡಗಡೆ. ಇದು ಕೊಳ್ಳೇಗಾಲದ್ದು’ ಎಂದಳು. ಬೀಗರೂ ಬಂದು ನೋಡಿದರು. ಆಗ ಅರ್ಥವಾಯಿತು. ಎದುರಿಗೆ ಹಿಡಿದ ಸುಣ್ಣದ ಹಲ್ಲಿಗೆ ನಾನು ಕನ್ನಡಿಯ ಲೆಕ್ಕದಲ್ಲಿ ಗುರುತು ಹಾಕಿದ್ದೆ, ಎಡದ್ದು ಬಲಕ್ಕೆ, ಪಕ್ಕದ ಟೋಪಿಯ ಮೇಲೆ ಹೋಗಿ ಕೂತಿತ್ತು. ನನ್ನ ಅಪ್ಪ ತಾತಂದಿರ ಗುರುತು ಹೋಗಿ ಬಾಯಲ್ಲಿ ಹೆಂಡತಿಯದು ಬಂದಿತ್ತು. ‘ಇರ್ಲಿ ಬುಡಿ, ಚೆಂದಾಗೈತೆ’ ಎಂದಳು ಅವಳು, ಪಕ್ಕದಲ್ಲೇ ನಿಂತು. ಆಮೇಲೆ ಹೋಗಿ ತೋರಿಸಿದಾಗ ಡಾಕ್ಟರಮ್ಮ ಬೇಕಾದರೆ ಬದಲಿಸಿಕೊಡುತ್ತೇನೆ ಎಂದರು. ನಾನು ಬೇಡ ಎಂದೆ.

ಈಗ ಅಂಗಡಿಯಲ್ಲಿ ಯಾರಾದರೂ ಅಸಲಿಯೇ ಎಂದು ಕೇಳಿದರೆ ನಾನು ಕಚ್ಚುವುದಿಲ್ಲ. ಸೀರೆಯನ್ನು ಒಳಗೆ ಕಳುಹಿಸುತ್ತೇನೆ, ಮಹದೇವಿ ನೋಡಿ ಹೇಳುತ್ತಾಳೆ. ಬಳಗದಲ್ಲಿ ಮುಹೂರ್ತದ ಸೀರೆ ಇಳಿಸುವುದಿದ್ದರೆ ತಾಯಂದಿರೂ ಕಡಿಯಬಹುದು ಎಂದು ಅತ್ತೆ ಸಾರಿಬಿಟ್ಟಿದ್ದಾಳೆ. ಹೇಗೆ ಕಡಿಯುವುದು ಎಂದು ತೋರಿಸಿಕೊಡಲು ಮಹದೇವಿಯನ್ನೇ ಕರೆಯುತ್ತಾರೆ. ಮೊನ್ನೆ ಹಾಗೆ ಹೊರಟಾಗ ನಾನೂ ಬರಲೇ, ಅಲ್ಲಿ ನನಗೇನಾದರೂ ಕೆಲಸವಿದೆಯೇ ಎಂದು ಕೇಳಿದೆ. ‘ಬನ್ನಿ, ಸುಮ್ಕೆ ಮುಂದ್ಗಡೆ ಕೂತ್ಕಂಡು ನಗ್ತಾ ಇರಿ. ಕೆಲ್ಸ ನಾವ್ ನೋಡ್ಕತೀವಿ’ ಎಂದಳು. ಬ್ರಿಜ್ಜಿನ ಬಗ್ಗೆ ಡಾಕ್ಟರಮ್ಮ ಹೇಳಿದ್ದೂ ಇದನ್ನೇ.